ಪಟ್ಟಣಕ್ಕೆ ಹೆಣ್ಣು ನೋಡಲು ಹೋದ ದ್ಯಾವಣ್ಣ

ಮೈಸೂರಿನ ಪಡುವಾರಹಳ್ಳಿಯಲ್ಲಿ ಸಾಕಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬನೇ ಮಗ, ದ್ಯಾವಣ್ಣ. ಒಳ್ಳೆಯವನೇ ಪಾಪ, ಹೇಳಿದ ಮಾತು ಮೀರುವವನಲ್ಲ. ಅದೇ ಆಗಿತ್ತು ಅವಳ ತಲೆನೋವು! ನೋಡಿದ ಹೆಣ್ಣಿನ ಕಡೆಯವರೆಲ್ಲ 'ಆಗಲ್ಲ' ಅಂದಿದ್ದರು. ಉಳಿದದ್ದು ರಾಜರಾಳಿದ ಊರು ಶ್ರೀರಂಗಪಟ್ಟಣದಲ್ಲಿ, ಗಂಜಾಮಿನ ಒಂದು ಮನೆ.

"ಇದೂ ತಪ್ಪಿದ್ರೆ ನಿಂಗೆ ಮದುವೆ ಅನ್ನೋದು ಕನಸೇ ಕನ್ಲಾ" ಅಂದಳು ಸಾಕಮ್ಮ, ಸ್ಕೂಟರ್ ಹತ್ತುತ್ತ. ಬೆಳಿಗ್ಗೆ ರಂಗನಾಥನ ದರ್ಶನ, ಮಧ್ಯಾಹ್ನ ಹೆಣ್ಣಿನ ಮನೆ, ಸಂಜೆಗೆ ವಾಪಸ್ಸು. "ದಾರೀಲಿ ಪೊಲೀಸರವ್ರೆ. ಏನೇ ಆಗ್ಲಿ, ತಲೆ ಮೇಲಿನ ಹೆಲ್ಮೆಟ್ ತೆಗೀಬ್ಯಾಡ!"

"ತೆಗೆಯಕ್ಕಿಲ್ಲ ಕನವ್ವ."

ತೆಗೆಯಲೇ ಇಲ್ಲ! ಗುಡಿಯೊಳಕ್ಕೂ ಹಾಕಿಕೊಂಡೇ ನುಗ್ಗಿದ. ಸಾಕಮ್ಮ ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದಳು, ನೋಡಲಿಲ್ಲ. ಅರ್ಚಕರು ಎಲ್ಲರ ತಲೆಗೂ ಶಠಾರಿ ಮುಟ್ಟಿಸುತ್ತ ಬಂದು ಇವನಿಗೂ ಮುಟ್ಟಿಸಿದರು. ಟಣ್! ಅರ್ಚಕರೇ ಬೆಚ್ಚಿಬಿದ್ದರು.

"ಥೂ, ನಿನ್ನ!" ಅಂದಳು ಸಾಕಮ್ಮ, ಕಣ್ಣು ಬಿಟ್ಟು. "ದೊಡ್ಡೋರ ಮುಂದೆ ತಲೇಲಿರೋದು ತೆಗೆದು, ಚಪ್ಪಲಿ ಬಿಟ್ಟು, ಎರಡೂ ಕೈ ಎತ್ತಿ ಮುಗೀಬೇಕು ಕನ್ಲಾ!"

"ಹಂಗೇ ಮಾಡ್ತೀನಿ ಕನವ್ವ."

ಕೋಟೆ ಬಾಗಿಲ ಹತ್ತಿರ ಎದುರಿಗೇ ಪೊಲೀಸಪ್ಪ. ಮೀಸೆ ನೋಡಿದರೇ ದೊಡ್ಡವರು ಅಂತ ಗೊತ್ತಾಗುತ್ತೆ! ದ್ಯಾವಣ್ಣ ಓಡುವ ಗಾಡಿಯಲ್ಲೇ ಹೆಲ್ಮೆಟ್ ಕಿತ್ತ, ಚಪ್ಪಲಿ ಒದರಿದ, ಎರಡೂ ಕೈ ಎತ್ತಿ ಮುಗಿದ. ಗಾಡಿ ಹೋಗಿ ಕಬ್ಬಿನ ಹಾಲಿನ ಅಂಗಡಿಯ ಸಿಪ್ಪೆ ರಾಶಿಯಲ್ಲಿ ಕೂತಿತು. ಪೊಲೀಸಪ್ಪ ಬೈದ, ಅಂಗಡಿಯವನು ಬೈದ, ಅವ್ವನೂ ಬೈದಳು.

"ಹಾಕ್ಕೊಂಡ್ರೂ ಬೈತೀಯ, ತೆಗೆದ್ರೂ ಬೈತೀಯ. ನಂಗೇನೂ ತಿಳೀತಿಲ್ಲ ಕನವ್ವ" ಅಂದ ದ್ಯಾವಣ್ಣ, ಸಿಪ್ಪೆಯೊಳಗಿಂದ. ಪಾಪ, ನಿಜವಾಗಿಯೂ ತಿಳಿದಿರಲಿಲ್ಲ.

"ತಿಳ್ಕೋಬ್ಯಾಡ!" ಸಾಕಮ್ಮ ಗಾಡಿಯ ಹ್ಯಾಂಡಲ್ ತೋರಿಸಿದಳು. "ಎರಡೂ ಕೈಲಿ ಬಿಗಿಯಾಗಿ ಹಿಡ್ಕೊ. ಯಾರೇನಂದ್ರೂ ಬಿಡಬ್ಯಾಡ!"

ಹೆಣ್ಣಿನ ಮನೆ ಬಂತು. ಹುಡುಗಿ ಚಂದ್ರಿ ಕಾಫಿ ತಟ್ಟೆ ಹಿಡಿದು ಬಂದಳು. ದ್ಯಾವಣ್ಣ ತಟ್ಟೆಯನ್ನೇ ಎರಡೂ ಕೈಲಿ ಬಿಗಿಯಾಗಿ ಹಿಡಿದ.

"ಒಂದು ಲೋಟ ತಗೊಳ್ಳಿ" ಅಂದಳು. ಬಿಡಲಿಲ್ಲ. "ತಟ್ಟೆ ಬಿಡಪ್ಪ" ಅಂದ ಅವಳಪ್ಪ. ಊಹೂಂ, ಬಿಡಲಿಲ್ಲ. ಅವಳೆಳೆದಳು, ಇವನೆಳೆದ, ಕಾಫಿಯನ್ನೆಲ್ಲ ಚಾಪೆ ಕುಡಿಯಿತು! ಚಂದ್ರಿ ನಗು ತಡೆಯಲಾರದೆ ಒಳಗೆ ಓಡಿದಳು. ಅವಳಪ್ಪನೂ ಹಿಂದೆಯೇ ಹೋದ.

ಸಾಕಮ್ಮ ಮಗನ ಕಿವಿ ಹಿಂಡಿ ಪಿಸುಗುಟ್ಟಿದಳು: "ಹೊಟ್ಟೆಬಾಕ ಅಂದ್ಕೋತಾರೆ ಕನ್ಲಾ! ಇನ್ನು ಈ ಮನೆಯೋರು ಏನೇ ಕೊಡ್ಲಿ, ಎಷ್ಟೇ ಬಲವಂತ ಮಾಡ್ಲಿ, 'ಬ್ಯಾಡಿ, ಸಾಕು, ಹೊಟ್ಟೆ ತುಂಬೈತೆ' ಅನ್ನು."

"ಹಂಗೇ ಅಂತೀನಿ ಕನವ್ವ."

ಅಷ್ಟರಲ್ಲಿ ಒಳಗಿಂದ ಚಂದ್ರಿಯ ದನಿ ಕೇಳಿಸಿತು: "ಹಿಡಿದಿದ್ದ ಬಿಡೋ ಗಂಡಲ್ಲ ಕನಪ್ಪ. ನಂಗೊಪ್ಪಿಗೆ!" ಋಣಾನುಬಂಧ ಅಂದರೆ ಇದೇ ನೋಡಿ! ಸಾಕಮ್ಮನ ಕಣ್ಣಲ್ಲಿ ನೀರೇ ಬಂತು. ಚಂದ್ರಿಯ ಅಪ್ಪ ಹೊರಗೆ ಬಂದು ದ್ಯಾವಣ್ಣನ ಎದುರಿಗೆ ಕೂತ.

"ನಮ್ಮ ಹುಡುಗೀನ ನಿಂಗೇ ಕೊಡ್ತೀವಪ್ಪ."

"ಬ್ಯಾಡಿ, ಸಾಕು."

"ಯಾಕಪ್ಪ? ಸಂತೋಷವಾಗೇ ಕೊಡ್ತಾ ಇದೀವಿ!"

"ಬ್ಯಾಡಿ, ಹೊಟ್ಟೆ ತುಂಬೈತೆ."

ಮನೆಯವರೆಲ್ಲ ಮುಖ ಮುಖ ನೋಡಿಕೊಂಡರು. ಸಾಕಮ್ಮ ಓಡಿ ಬಂದು ಅವನ ಬಾಯಿ ಮುಚ್ಚುವಷ್ಟರಲ್ಲಿ ದ್ಯಾವಣ್ಣ ಅಂದೇಬಿಟ್ಟ:

"ಅಷ್ಟು ಬಲವಂತ ಇದ್ರೆ ನಮ್ಮವ್ವಂಗೆ ಕೊಡಿ. ಬೆಳಗಿಂದ ಏನೂ ತಿಂದಿಲ್ಲ!"