ಹೊಗೆಯಿಲ್ಲದ ಬೆಳಿಗ್ಗೆ

"ಗುರುಗಳೇ, ಹಿಮ ಮನುಷ್ಯನನ್ನು ಯಾಕೆ ಹೀಗೆ ಎಳೆಯುತ್ತದೆ?" ಎಂದು ಶಿಷ್ಯ ಕೇಳಿದ.

ಅವನು ಉತ್ತರದ ಬೆಟ್ಟಗಳಿಗೆ ಹೋಗಿ ಬಂದಿದ್ದ. ಬಂದಂದಿನಿಂದ ಮಠದಲ್ಲಿ ಅವನ ಮನಸ್ಸು ನಿಲ್ಲುತ್ತಿರಲಿಲ್ಲ. ಮುಂದಿನ ಚಳಿಗಾಲವನ್ನು ಅಲ್ಲೇ ಕಳೆಯಲು ಅವನಿಗೆ ಅಪ್ಪಣೆ ಬೇಕಾಗಿತ್ತು.

"ನಿನ್ನನ್ನು ಹೇಗೆ ಎಳೆಯಿತು, ಅದನ್ನು ಹೇಳು" ಎಂದರು ಗುರುಗಳು.

"ಅಲ್ಲಿ ಸದ್ದಿಲ್ಲ. ಕೊಳಕಿಲ್ಲ. ಯಾರೂ ಏನೂ ಕೇಳುವುದಿಲ್ಲ."

"ಕೂತುಕೋ" ಎಂದರು ಗುರುಗಳು. ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಬಯಲುಸೀಮೆಯವನು. ಉಣ್ಣೆ ಕೊಳ್ಳಲು ವರ್ಷಕ್ಕೊಮ್ಮೆ ಬೆಟ್ಟದ ಊರೊಂದಕ್ಕೆ ಹೋಗುತ್ತಿದ್ದ. ಬೇಸಿಗೆಯಲ್ಲಿ ಹೋಗಿ ಹಿಮ ಬೀಳುವುದಕ್ಕೆ ಮೊದಲೇ ಇಳಿದುಬಿಡುತ್ತಿದ್ದ. ಒಂದು ವರ್ಷ ತಡವಾಯಿತು. ಹೊರಡುವ ದಿನ ಬೆಳಿಗ್ಗೆ ಬಾಗಿಲು ತೆರೆದರೆ ಊರು ಕಾಣಲಿಲ್ಲ. ಬೇಲಿ ಯಾವುದು, ದಾರಿ ಯಾವುದು ತಿಳಿಯಲಿಲ್ಲ. ಎಲ್ಲವೂ ಬೆಳ್ಳಗಿತ್ತು. ಅವನು ಹೊಸ್ತಿಲಲ್ಲೇ ನಿಂತುಬಿಟ್ಟ. ಗಾಳಿ ಮೂಗಿನೊಳಗೆ ಸೂಜಿಯಂತೆ ಹೋಗುತ್ತಿತ್ತು. ಅದೂ ಅವನಿಗೆ ಹಿತವೆನಿಸಿತು. ಹುಟ್ಟಿದಾಗಿನಿಂದ ಅಂಗಡಿಯ ಧೂಳನ್ನೇ ಉಸಿರಾಡಿದವನು ಅವನು.

ಮೂಟೆಗಳನ್ನು ಜೊತೆಯವರಿಗೆ ಒಪ್ಪಿಸಿ ಕಳಿಸಿದ. ತಾನು ಉಳಿದ. ಅವರು ಇಳಿದುಹೋದ ಮೇಲೆ ಕಣಿವೆಯ ದಾರಿ ಮುಚ್ಚಿತು. ಇನ್ನು ವಸಂತದವರೆಗೆ ಯಾರೂ ಬರುವಂತಿಲ್ಲ, ಯಾರೂ ಹೋಗುವಂತಿಲ್ಲ.

ಊರಿನ ಮೇಲುಭಾಗದಲ್ಲಿ ಒಂದು ಖಾಲಿ ಮನೆಯಿತ್ತು. ಅದನ್ನು ಅವನಿಗೆ ಕೊಟ್ಟರು. ಸ್ವಲ್ಪ ಕೆಳಗೆ ಒಬ್ಬ ರೈತನ ಮನೆ. ಸೌದೆಯನ್ನೂ ಹಿಟ್ಟನ್ನೂ ರೈತನೇ ತಂದು ಹಾಕಿದ. ಹೋಗುವಾಗ ಒಂದು ಮಾತು ಹೇಳಿದ.

"ಸಾಹುಕಾರರೇ, ಚಳಿ ಇರಲಿ ಬಿಡಲಿ, ಬೆಳಿಗ್ಗೆ ಎದ್ದ ಕೂಡಲೇ ಒಲೆ ಹಚ್ಚಿ. ನಿಮ್ಮ ಹೊಗೆ ನಮಗೆ ಕಾಣಬೇಕು."

ವರ್ತಕ ತಲೆಯಾಡಿಸಿದ. ಊರಿನ ಮಡಿಯೋ ಪೂಜೆಯೋ ಇರಬೇಕು ಎಂದುಕೊಂಡ. ಯಾಕೆ ಎಂದು ಕೇಳಲಿಲ್ಲ.

ಆ ಊರಿನಲ್ಲಿ ಮಣ್ಣಿನ ಮಾಳಿಗೆ ಮನೆಗಳು. ಹಿಮ ಬಿದ್ದಾಗಲೆಲ್ಲ ಮಾಳಿಗೆ ಹತ್ತಿ ಅದನ್ನು ಸಲಿಕೆಯಿಂದ ಕೆಳಗೆ ತಳ್ಳಬೇಕು. ತಳ್ಳದಿದ್ದರೆ ಮಾಳಿಗೆ ಕುಸಿಯುತ್ತದೆ. ರೈತನ ಕೊಟ್ಟಿಗೆಯ ತೊಲೆ ಆಗಲೇ ಸೀಳಿತ್ತು. ಹೊಸ ತೊಲೆ ದಾರಿ ತೆರೆದ ಮೇಲೆ ಕೆಳಗಿನಿಂದ ಬರಬೇಕು. ಕೊಟ್ಟಿಗೆಯಲ್ಲಿ ಒಂದು ಗಬ್ಬದ ಹಸುವಿತ್ತು. ಅವನ ಮನೆಗೆ ಇದ್ದದ್ದು ಅದೊಂದೇ. ಅದು ಈದ ಮೇಲೆ ಮಕ್ಕಳಿಗೆ ಹಾಲು. ಆದ್ದರಿಂದ ಅವನು ಒಲೆ ಹಚ್ಚಿದವನೇ ಮೊದಲು ಕೊಟ್ಟಿಗೆಯ ಮೇಲೆ ಹತ್ತುತ್ತಿದ್ದ.

ವರ್ತಕ ಕಿಟಕಿಯಲ್ಲಿ ಕೂತು ನೋಡುತ್ತಿದ್ದ. ಒಂದು ದಿನ ಕರೆದು ಕೇಳಿದ.

"ಇಷ್ಟು ಚೆಂದದ್ದನ್ನು ಕಸದ ಹಾಗೆ ತಳ್ಳುತ್ತೀಯಲ್ಲ. ನಿಮಗೆ ಇದರ ಅಂದ ಕಾಣುವುದಿಲ್ಲವೇ?"

"ಕಾಣುತ್ತದೆ, ಸಾಹುಕಾರರೇ. ಸಲಿಕೆ ಹಿಡಿದುಕೊಂಡೇ ನೋಡುತ್ತೇವೆ" ಎಂದ ರೈತ. "ನಿಮ್ಮ ಮಾಳಿಗೆಯದನ್ನೂ ನಾನೇ ತಳ್ಳುತ್ತಿದ್ದೇನೆ. ಅದಕ್ಕೇ ಒಳಗೆ ಕೂತು ನಿಮಗೆ ಅಂದ ಕಾಣುತ್ತಿದೆ."

ವರ್ತಕ ನಕ್ಕ. ರೈತನೂ ನಕ್ಕ.

ವರ್ತಕನಿಗೆ ಇದ್ದ ಬೇಸರ ಒಂದೇ. ಅವನ ಒಲೆಯ ಮಸಿ ಅಂಗಳದ ಹಿಮದ ಮೇಲೆ ಬೀಳುತ್ತಿತ್ತು. ಹೊಸ ಹಿಮ ಬಿದ್ದು ಅರ್ಧ ಹಗಲಾಗುವುದರೊಳಗೆ ಅಂಗಳದ ತುಂಬ ಕಪ್ಪು ಚುಕ್ಕೆ. ಒಂದು ದಿನವಾದರೂ ಅದನ್ನು ಕಲೆಯಿಲ್ಲದೆ ನೋಡಬೇಕು ಎಂಬ ಆಸೆ ಅವನಲ್ಲಿ ಬೆಳೆಯಿತು.

ಆಮೇಲೆ ದೊಡ್ಡ ಹಿಮ ಬಿತ್ತು. ಅಂಥದ್ದನ್ನು ಮುದುಕರೂ ಕಂಡಿರಲಿಲ್ಲ. ಬೆಳಗಾಗುವ ಹೊತ್ತಿಗೆ ನಿಂತಿತು. ವರ್ತಕ ಎದ್ದ. ಒಲೆ ಹಚ್ಚಲಿಲ್ಲ. ಇದ್ದ ಕಂಬಳಿಗಳನ್ನೆಲ್ಲ ಹೊದ್ದು ಕಿಟಕಿಯಲ್ಲಿ ಕೂತ. ಹಲ್ಲು ಕಟಕಟ ಎನ್ನುತ್ತಿತ್ತು. ಅಂಗಳ ಮಾತ್ರ ಆಗ ತಾನೇ ಹಾಸಿದ ಹಾಸಿಗೆಯಂತಿತ್ತು. ಇಷ್ಟು ಸುಖ ತನಗೆ ಎಂದೂ ಸಿಕ್ಕಿರಲಿಲ್ಲ ಎಂದುಕೊಂಡ.

ರೈತ ಕೊಟ್ಟಿಗೆಯ ಮಾಳಿಗೆ ಹತ್ತಿದ್ದ. ಅಲ್ಲಿಂದ ಊರನ್ನು ನೋಡಿದ. ಎಲ್ಲ ಮನೆಗಳ ಮೇಲೂ ಹೊಗೆಯಿತ್ತು. ವರ್ತಕನ ಮನೆಯ ಮೇಲಿರಲಿಲ್ಲ.

ಆ ಊರಿನ ಕಟ್ಟಳೆ ಹೀಗಿದೆ. ಹೊಗೆ ಕಾಣದ ಮನೆಯವರು ಹಿಮದಡಿ ಸಿಕ್ಕಿದ್ದಾರೆ ಎಂದೇ ಲೆಕ್ಕ. ಕೈಯಲ್ಲಿರುವ ಕೆಲಸವನ್ನು ಅಲ್ಲಿಗೇ ಬಿಟ್ಟು ಊರೆಲ್ಲ ಹೋಗಿ ಅಗೆಯಬೇಕು. ತಡಮಾಡಿದರೆ ಸಿಗುವುದು ಹೆಣ.

ರೈತ ಕಾಲಡಿಯ ಹಿಮವನ್ನು ನೋಡಿದ. ಅದು ಇನ್ನೂ ಹಾಗೇ ಇತ್ತು. ಸಲಿಕೆ ತೆಗೆದುಕೊಂಡು ಕೆಳಗಿಳಿದ. ಕೂಗಿ ಎಲ್ಲರನ್ನೂ ಕರೆದ. ಎದೆಮಟ್ಟದ ಹಿಮದಲ್ಲಿ ದಾರಿ ಕಡಿದುಕೊಂಡು ಮೇಲಕ್ಕೆ ಬಂದರು. ಅಂಗಳವನ್ನು ತುಳಿದರು. ಬಾಗಿಲು ಮುರಿದರು.

ವರ್ತಕ ಕಂಬಳಿಯೊಳಗಿಂದ ಕತ್ತು ಹೊರಗೆ ಹಾಕಿ, "ಏನಾಯಿತು?" ಎಂದ.

ರೈತ ಗೋಡೆಗೆ ಒರಗಿ ಉಸಿರು ಬಿಟ್ಟ.

"ಬದುಕಿದ್ದೀರಲ್ಲ, ಅಷ್ಟು ಸಾಕು. ಸೌದೆ ನೆನೆದಿತ್ತೇ?"

"ಇಲ್ಲ. ಮಸಿ ಬೀಳುತ್ತದೆ ಎಂದು ಹಚ್ಚಲಿಲ್ಲ."

ಬಂದವರಲ್ಲಿ ಒಬ್ಬ ಮುದುಕ, "ಮಸಿಯಂತೆ!" ಎಂದು ಉಗುಳಿದ.

ಆಗ ಕೆಳಗಿನಿಂದ ತೊಲೆ ಮುರಿದ ಸದ್ದು ಕೇಳಿತು. ರೈತ ಸಲಿಕೆ ಹಿಡಿದು ಓಡಿದ. ಉಳಿದವರೂ ಅವನ ಹಿಂದೆ ಓಡಿದರು. ವರ್ತಕ ಮುರಿದ ಬಾಗಿಲಲ್ಲಿ ಬಂದು ನಿಂತ. ಅಂಗಳವೆಲ್ಲ ಹೆಜ್ಜೆ, ಕೆಸರು. ಮತ್ತೆ ಹಿಮ ಬೀಳತೊಡಗಿತ್ತು.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು.

ಶಿಷ್ಯ ಕಾದ. ಕೊನೆಗೆ ಅವನೇ ಕೇಳಿದ.

"ಅಂಗಳ ಮತ್ತೆ ಬೆಳ್ಳಗಾಯಿತೇ, ಗುರುಗಳೇ?"

"ನೀನು ಹಸುವಿನ ವಿಷಯ ಕೇಳುತ್ತೀಯ ಅಂದುಕೊಂಡಿದ್ದೆ" ಎಂದರು ಗುರುಗಳು.