ರೂಟ್ ಮಾಡಿದ ಕೆಲಸ

"ಮೇಷ್ಟ್ರೇ, ನಂಬಿದ ಮನುಷ್ಯನಿಗೆ ಅಧಿಕಾರವನ್ನು ಅಳೆದೂ ಸುರಿದೂ ಕೊಡುವುದು ಅವನಿಗೆ ಮಾಡುವ ಅವಮಾನ ಅಲ್ಲವೇ?"

ಇದನ್ನು ಕೇಳುವಾಗ ಯತಿರಾಜ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಅವನು ಒಂದು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ. ಅವನಿಗೆ ಸರ್ವರ್ ನಡೆಸುವ ಯೂನಿಕ್ಸ್ ಕಲಿಸಿದವರು ಮಾದಯ್ಯ ಮೇಷ್ಟ್ರು. ಕಾಲೇಜಿನಿಂದ ನಿವೃತ್ತರಾದ ಮೇಲೂ ಹಳೆಯ ಶಿಷ್ಯರು ತಲೆ ಕೆಟ್ಟಾಗಲೆಲ್ಲ ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ತಲೆ ನೆಟ್ಟಗಿದ್ದಾಗ ಒಬ್ಬನೂ ಇತ್ತ ಸುಳಿಯುವುದಿಲ್ಲ ಎಂದು ಮೇಷ್ಟ್ರು ರೇಗುತ್ತಿದ್ದರು.

"ಮೊದಲು ಕೂತುಕೋ," ಎಂದರು ಮೇಷ್ಟ್ರು. "ಯಾರಿಗೆ ಏನು ಅವಮಾನ ಆಯಿತು, ಬಿಡಿಸಿ ಹೇಳು."

ಯತಿರಾಜ ಕುಳಿತ. ಕುಳಿತರೂ ಕಾಲು ನಿಲ್ಲಲಿಲ್ಲ. ತನ್ನ ಕೈಕೆಳಗೆ ಲೋಹಿತ ಎಂಬುವನಿದ್ದಾನೆ, ಕೆಲಸಗಾರ ಎನ್ನುವುದಕ್ಕಿಂತ ಗೆಳೆಯ ಎಂದ. ಆಸ್ಪತ್ರೆಯ ಸರ್ವರಿನಲ್ಲಿ ಲೋಹಿತನಿಗೆ ಕೆಲವು ಕಮಾಂಡ್‌ಗಳಿಗೆ ಮಾತ್ರ ಸುಡೋ ಎಂಬ ಅನುಮತಿ ಕೊಟ್ಟಿರುವುದಾಗಿ ಹೇಳಿದ. ಅದಕ್ಕೆ ಲೋಹಿತ ಮುಖ ಊದಿಸಿಕೊಂಡು ಮಾತು ಬಿಟ್ಟಿದ್ದ. ಇವತ್ತು ಬೆಳಗ್ಗೆ ಎದುರಿಗೇ ನಿಂತು, "ಪೂರ್ತಿ ರೂಟ್ ಅಧಿಕಾರ ಕೊಡು, ಇಲ್ಲವೇ ನನ್ನ ಮೇಲೆ ನಂಬಿಕೆ ಇಲ್ಲ ಅಂತ ಮುಖಕ್ಕೆ ಹೇಳಿಬಿಡು. ಸಂಜೆಯವರೆಗೂ ನೋಡುತ್ತೇನೆ, ಆಮೇಲೆ ಕೆಲಸ ಬಿಡುತ್ತೇನೆ," ಎಂದಿದ್ದ.

"ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ ಮೇಷ್ಟ್ರೇ. ಕೊಟ್ಟುಬಿಡುತ್ತೇನೆ. ಅವನನ್ನು ಕಳೆದುಕೊಂಡು ನಾನು ಯಾವ ಸರ್ವರ್ ಕಾಯಬೇಕು?"

"ಕೊಡೋಣವಂತೆ, ಯಾರು ಬೇಡ ಅಂದರು? ಒಂದು ಕತೆ ಹೇಳುತ್ತೇನೆ, ಕೇಳಿ ಆಮೇಲೆ ಕೊಡು. ಆ ಫೋನು ಕೆಳಗಿಡು. ಕಾಲು ಕುಣಿಸಬೇಡ, ಬೆಂಚೆಲ್ಲ ಅಲ್ಲಾಡುತ್ತದೆ."

ಮೇಷ್ಟ್ರು ಹೇಳತೊಡಗಿದರು.

ಒಂದು ವಿಶ್ವವಿದ್ಯಾಲಯದಲ್ಲಿ ಒಂದು ಸರ್ವರ್ ಇತ್ತು. ಪರೀಕ್ಷೆ ಬರೆದ ಮಕ್ಕಳ ಅಂಕಗಳೆಲ್ಲ ಅದರಲ್ಲಿ. ಅದನ್ನು ನೋಡಿಕೊಳ್ಳಲು ಇಬ್ಬರು ಆಡಳಿತಗಾರರು, ಒಬ್ಬ ಹಿರಿಯ, ಒಬ್ಬ ಕಿರಿಯ. ಹಿರಿಯನಿಗೆ ಒಡಹುಟ್ಟಿದವರು ಯಾರೂ ಇರಲಿಲ್ಲ. ಕಿರಿಯ ಅವನನ್ನು ಬಾಯಿ ತುಂಬ ಅಣ್ಣ ಎನ್ನುತ್ತಿದ್ದ. ಒಬ್ಬ ಕಾಫಿಗೆ ಎದ್ದರೆ ಇನ್ನೊಬ್ಬನೂ ಏಳುತ್ತಿದ್ದ. ಇಬ್ಬರ ಮನೆಯವರಿಗೂ ಇವರ ಸ್ನೇಹದ ಬಗ್ಗೆ ಸ್ವಲ್ಪ ಹೊಟ್ಟೆಕಿಚ್ಚೇ ಇತ್ತು.

ರೂಟ್ ಅಂದರೆ ಸರ್ವರಿನ ಒಡೆಯ. ಇದು ನಿನಗೆ ಗೊತ್ತಿರುವುದೇ, ಆದರೂ ಹೇಳುತ್ತೇನೆ, ಗೊತ್ತಿದ್ದವರೇ ಹೆಚ್ಚು ಮರೆಯುವುದು. ಒಡೆಯ ಅಳಿಸು ಅಂದರೆ ಸರ್ವರ್ ಅಳಿಸುತ್ತದೆ. ನಿಜವಾಗಿಯೂ ಅಳಿಸಲೇ ಅಂತ ಕೇಳುವುದಿಲ್ಲ. ಸುಡೋ ಅಂದರೆ ಆ ಒಡೆಯನ ಕೈಯನ್ನು ಒಂದು ಕೆಲಸದ ಮಟ್ಟಿಗೆ ಕೇಳಿ ಪಡೆಯುವುದು. ಕೆಲಸ ಮುಗಿದ ಕೂಡಲೇ ಆ ಕೈ ವಾಪಸ್ಸು. ಯಾರು ಕೇಳಿದರು, ಯಾವ ಕೆಲಸಕ್ಕೆ ಕೇಳಿದರು ಎಂಬುದನ್ನು ಸರ್ವರ್ ಗುರುತು ಹಾಕಿಕೊಳ್ಳುತ್ತದೆ.

ಹಿರಿಯ ಮೊದಮೊದಲು ಕ್ರಮವಾಗಿಯೇ ಇದ್ದ. ಕಿರಿಯನ ಕೆಲಸಕ್ಕೆ ಏನು ಬೇಕೋ ಅಷ್ಟನ್ನು ಸುಡೋದಲ್ಲಿ ಕೊಟ್ಟ. ಪ್ರಿಂಟರ್ ಕೆಟ್ಟರೆ ಕಿರಿಯ ಅದನ್ನು ಮತ್ತೆ ಹೊರಡಿಸಬಹುದು, ಬ್ಯಾಕಪ್ ತೆಗೆಯಬಹುದು, ಕಸ ಬೀಳುವ ಒಂದು ಫೋಲ್ಡರನ್ನು ಗುಡಿಸಬಹುದು. ಅಂಕಗಳ ಫೋಲ್ಡರಿನ ಹತ್ತಿರಕ್ಕೂ ಅವನ ಕೈ ಹೋಗುವಂತಿರಲಿಲ್ಲ.

ಕಿರಿಯನಿಗೆ ಅದು ಮುಳ್ಳಿನ ಹಾಗೆ ಚುಚ್ಚಿತು. ಒಂದು ದಿನ ಏನೋ ಸಣ್ಣ ಕೆಲಸಕ್ಕೆ ಕಮಾಂಡ್ ಕೊಟ್ಟರೆ ಸರ್ವರ್ 'ನಿನಗೆ ಅನುಮತಿ ಇಲ್ಲ' ಎಂದಿತು. ಪಕ್ಕದಲ್ಲಿ ಬೇರೆ ವಿಭಾಗದವರು ನಿಂತಿದ್ದರು, ನಕ್ಕರು. ಕಿರಿಯ ನೆಟ್ಟಗೆ ಹಿರಿಯನ ಮೇಜಿನ ಮುಂದೆ ಬಂದು ನಿಂತ.

"ಅಣ್ಣಾ, ನಿನ್ನ ಮನೆಯ ಬೀಗದ ಕೈ ನನ್ನ ಹತ್ತಿರ ಇರುತ್ತದೆ. ಇಲ್ಲಿ ಒಂದು ಕಮಾಂಡಿಗೆ ನಾನು ಕಳ್ಳನಾ?"

ಹಿರಿಯನಿಗೆ ಮುಖ ಎತ್ತಲಾಗಲಿಲ್ಲ. ಛೇ, ನಾನೆಂಥ ಮನುಷ್ಯ ಅಂತ ನಾಚಿಕೆಯಾಯಿತು ಅವನಿಗೆ. ಅಲ್ಲೇ, ಕಿರಿಯ ನೋಡುತ್ತಿರುವಾಗಲೇ, ಸುಡೋದ ನಿಯಮಗಳನ್ನು ತೆರೆದ. ಎಚ್ಚರದಿಂದ ಬರೆದಿದ್ದ ಸಾಲುಗಳನ್ನೆಲ್ಲ ತೆಗೆದುಹಾಕಿ ಒಂದೇ ಸಾಲು ಬರೆದ. ಇವನು ಎಲ್ಲಿ ಬೇಕಾದರೂ, ಯಾವ ಕಮಾಂಡ್ ಬೇಕಾದರೂ ಕೊಡಬಹುದು ಎಂದು. ಕಿರಿಯನ ಕಣ್ಣು ತುಂಬಿ ಬಂತು. ಆ ದಿನ ಇಬ್ಬರೂ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದರು.

"ಅದರಲ್ಲಿ ತಪ್ಪೇನು ಮೇಷ್ಟ್ರೇ?" ಯತಿರಾಜ ನಡುವೆ ಬಾಯಿ ಹಾಕಿದ. "ಎಲ್ಲ ಕೊಟ್ಟರೂ ಕೊಟ್ಟಿದ್ದು ಸುಡೋದ ಮೂಲಕ ತಾನೇ? ಯಾರು ಏನು ಮಾಡಿದರು ಅಂತ ಸರ್ವರ್ ಗುರುತು ಹಾಕಿಕೊಳ್ಳುತ್ತದೆ ಅಂದಿರಿ."

"ಹಾಕಿಕೊಳ್ಳುತ್ತದೆ ಕಣಪ್ಪಾ, ಹಾಕಿಕೊಳ್ಳದೆ ಏನು? ನೀನು ದಿನಾ ಬೆಳಗ್ಗೆ ಆಫೀಸಿಗೆ ಹೋಗಿ ಮೊದಲು ಏನು ಮಾಡುತ್ತೀಯ? ನನ್ನ ಮುಖ ನೋಡಿ ಹೇಳು."

ಯತಿರಾಜ ತಲೆ ತಗ್ಗಿಸಿದ. "ಸುಡೋ ಹಾಕಿ ರೂಟ್ ಆಗಿ ಕೂರುತ್ತೇನೆ. ಪ್ರತಿ ಸಲ ಸುಡೋ ಅಂತ ಬರೆಯುವುದು ಬೇಜಾರು."

"ಹಾಂ. ಅವರಿಗೂ ಬೇಜಾರೇ." ಮೇಷ್ಟ್ರು ಮುಂದುವರಿಸಿದರು.

ಹಿರಿಯನಿಗೆ ಆ ಅಭ್ಯಾಸ ಮೊದಲಿನಿಂದ ಇತ್ತು. ಕಿರಿಯ ಅವನನ್ನು ನೋಡಿ ಕಲಿತ. ಇಬ್ಬರೂ ಬೆಳಗ್ಗೆ ಬಂದು, ಸುಡೋ ಹಾಕಿ, ಒಮ್ಮೆ ರೂಟ್ ಆದರೆ ಸಂಜೆಯವರೆಗೂ ರೂಟ್ ಆಗಿಯೇ ಇರುತ್ತಿದ್ದರು. ಸರ್ವರ್ ಗುರುತು ಹಾಕಿಕೊಂಡಿದ್ದು ಇಷ್ಟೇ, ಬೆಳಗ್ಗೆ ಹಿರಿಯ ರೂಟ್ ಆದ, ಬೆಳಗ್ಗೆ ಕಿರಿಯ ರೂಟ್ ಆದ. ಆಮೇಲಿನದೆಲ್ಲ ರೂಟ್ ಮಾಡಿದ ಕೆಲಸ. ಬಾಗಿಲಲ್ಲಿ ಹೆಸರು ಹೇಳಿ ಒಳಗೆ ಹೋದವನು ಒಳಗೆ ಏನು ಮಾಡಿದ ಅಂತ ಬಾಗಿಲಿಗೆ ಹೇಗೆ ಗೊತ್ತಾಗಬೇಕು?

ಫಲಿತಾಂಶ ಹೊರಬೀಳುವ ಹಿಂದಿನ ದಿನ ಡಿಸ್ಕ್ ತುಂಬಿ ಸರ್ವರ್ ನಿಂತುಬಿಟ್ಟಿತು. ಫೋನಿನ ಮೇಲೆ ಫೋನು. ಎಲ್ಲರದೂ ಒಂದೇ ಮಾತು, ಬೇಗ, ಬೇಗ. ಇಬ್ಬರೂ ತಮ್ಮ ತಮ್ಮ ಪರದೆಯ ಮುಂದೆ ಕುಳಿತು ಕಸ ತೆಗೆಯತೊಡಗಿದರು. "ಅಣ್ಣಾ, ಆ ಕಡೆ ನೀನು ನೋಡು, ಈ ಕಡೆ ನಾನು ನೋಡುತ್ತೇನೆ," ಎಂದು ಕೂಗಾಡುತ್ತ ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಹಾರಿದರು. ಆ ಕಡೆ ಈ ಕಡೆ ಎಂಬುದು ಸ್ವಲ್ಪ ಹೊತ್ತಿಗೆಲ್ಲ ಕಲಸಿಹೋಯಿತು. ಅವನ ಕಡೆ ಇವನು ಹೋದ, ಇವನ ಕಡೆ ಅವನು ಬಂದ. ಹೋದಲ್ಲೆಲ್ಲ ಕೊಟ್ಟಿದ್ದು ಒಂದೇ ಕಮಾಂಡ್, ಇಲ್ಲಿರುವುದನ್ನೆಲ್ಲ ಅಳಿಸು. 'ಇಲ್ಲಿ' ಅಂದರೆ ಎಲ್ಲಿ? ಕಮಾಂಡ್ ಕೊಟ್ಟವನು ಯಾವ ಫೋಲ್ಡರಿನಲ್ಲಿ ನಿಂತಿದ್ದಾನೋ ಅಲ್ಲಿ. ಅವಸರದಲ್ಲಿ ಯಾರು ಕಾಲ ಕೆಳಗೆ ನೋಡಿಕೊಳ್ಳುತ್ತಾರೆ?

ಡಿಸ್ಕಿನಲ್ಲಿ ಜಾಗವಾಯಿತು. ಸರ್ವರ್ ಎದ್ದಿತು. ಇಬ್ಬರೂ ಉಸ್ಸಪ್ಪಾ ಎಂದು ಕುರ್ಚಿಗೆ ಒರಗಿದರು. ಆಗ ಪರೀಕ್ಷಾ ವಿಭಾಗದಿಂದ ಫೋನು ಬಂತು, ಅಂಕಗಳು ಕಾಣಿಸುತ್ತಿಲ್ಲ ಎಂದು.

ಹಿರಿಯ ಅಂಕಗಳ ಫೋಲ್ಡರ್ ತೆರೆದು ನೋಡಿದ. ಒಳಗೆ ಏನೂ ಇರಲಿಲ್ಲ. ಕಿರಿಯ ಓಡಿ ಬಂದು ಅವನ ಭುಜದ ಮೇಲಿನಿಂದ ನೋಡಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರ ಮನಸ್ಸಿನಲ್ಲೂ ಒಂದೇ ಪ್ರಶ್ನೆ, ಇವನೋ ನಾನೋ. ಅದನ್ನು ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಪರೀಕ್ಷಾ ವಿಭಾಗದ ಮುಖ್ಯಸ್ಥೆ ತಾವೇ ಬಂದರು. ಬಂದವರೇ ಕೇಳಿದ್ದು ಒಂದೇ, "ಯಾರು ಮಾಡಿದ್ದು?" ಸರ್ವರನ್ನು ಕೇಳಿದರು, ರೂಟ್ ಎಂದಿತು. ರೂಟ್ ಕೊಟ್ಟ ಕಮಾಂಡ್‌ಗಳನ್ನು ತೆಗೆಸಿ ನೋಡಿದರು. ಇಬ್ಬರವೂ ಒಂದೇ ಗುಡ್ಡೆಯಾಗಿ ಬಿದ್ದಿದ್ದವು. ಅಳಿಸು, ಅಳಿಸು, ಅಳಿಸು. ಯಾವುದು ಯಾರದು ಎಂದು ದೇವರೇ ಬಂದರೂ ಹೇಳುವಂತಿರಲಿಲ್ಲ.

ಕಿರಿಯ 'ನಾನಲ್ಲ' ಎನ್ನಲು ಬಾಯಿ ತೆರೆದ. ಮಾತು ಹೊರಡಲಿಲ್ಲ. ಎಷ್ಟು ಕಡೆ ಹೋಗಿದ್ದೆ, ಎಲ್ಲೆಲ್ಲಿ ಅಳಿಸಿದೆ ಎಂದು ಅವನಿಗೇ ನೆನಪಿರಲಿಲ್ಲ. ಅವನ ತಡವರಿಕೆಯನ್ನು ಹಿರಿಯ ನೋಡಿದ. ನೋಡಿ, ಎದ್ದು ನಿಂತು, "ನಾನೇ ಮಾಡಿದ್ದು ಮೇಡಂ," ಎಂದ.

ಎಂಥ ದೊಡ್ಡ ಮನಸ್ಸು ನೋಡು. ಅದೇ ಅವರಿಬ್ಬರಿಗೂ ಮುಳುವಾಯಿತು.

ಮುಖ್ಯಸ್ಥೆ ನಂಬಲಿಲ್ಲ. ಹಿರಿಯನಿಗೆ ಆ ಹುಡುಗನ ಮೇಲೆ ಎಷ್ಟು ಅಕ್ಕರೆ ಎಂದು ಊರಿಗೆಲ್ಲ ಗೊತ್ತು. "ಅವನನ್ನು ಉಳಿಸಲು ಹೀಗೆ ಹೇಳುತ್ತಿದ್ದೀರಿ. ನೀವೇ ಮಾಡಿದ್ದು ಎನ್ನುವುದಕ್ಕೆ ಏನು ಆಧಾರ?" ಎಂದರು. ಹಿರಿಯನ ಹತ್ತಿರ ಆಧಾರ ಎಲ್ಲಿತ್ತು? ತಪ್ಪು ಒಪ್ಪಿಕೊಂಡರೂ ಅದು ಅವನದಾಗಲಿಲ್ಲ. ಅವನು ಒಪ್ಪಿಕೊಂಡ ಆ ಗಳಿಗೆಯಿಂದ ಎಲ್ಲರ ಕಣ್ಣೂ ಕಿರಿಯನ ಮೇಲೆ ತಿರುಗಿತು.

ಡಿಸ್ಕ್ ತುಂಬಿದ್ದರಿಂದ ಈಚಿನ ಬ್ಯಾಕಪ್ ಕೂಡ ಆಗಿರಲಿಲ್ಲ. ಉತ್ತರ ಪತ್ರಿಕೆಗಳನ್ನು ಹೊರಗೆ ತೆಗೆದು ಅಂಕಗಳನ್ನು ಮತ್ತೆ ತುಂಬಿಸಬೇಕಾಯಿತು. ಫಲಿತಾಂಶ ತಡವಾಯಿತು. ಮುಂದೆ ಓದಲು ಬೇರೆ ಊರಿಗೆ ಹೊರಟಿದ್ದ ಎಷ್ಟೋ ಮಕ್ಕಳಿಗೆ ಸೀಟು ತಪ್ಪಿತು. ಅವರ ತಂದೆತಾಯಿ ಗೇಟಿನ ಮುಂದೆ ಬಂದು ಕೂಗಿದರು. ಕೂಗುವವರಿಗೆ ಒಂದು ಹೆಸರು ಬೇಕಿತ್ತು.

ಕಿರಿಯನಿಗೆ ಒಬ್ಬಳು ತಂಗಿ ಇದ್ದಳು. ಆ ವರ್ಷ ಅವಳೂ ಪರೀಕ್ಷೆ ಬರೆದಿದ್ದಳು. ಇನ್ನೇನು ಬೇಕು ಜನರಿಗೆ? ತಂಗಿ ಫೇಲಾಗಿದ್ದಳಂತೆ, ಅದಕ್ಕೇ ಎಲ್ಲವನ್ನೂ ಅಳಿಸಿದನಂತೆ ಎಂದು ಕ್ಯಾಂಟೀನಿನಲ್ಲಿ ಮಾತು ಹುಟ್ಟಿತು. ಅಂಕಗಳನ್ನು ಮತ್ತೆ ತುಂಬಿಸಿದಾಗ ಆ ಹುಡುಗಿ ಒಳ್ಳೆಯ ದರ್ಜೆಯಲ್ಲಿ ಪಾಸಾಗಿದ್ದಳು. ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು ತಾನೇ? ಇಲ್ಲಪ್ಪ. ನೋಡಿದಿರಾ, ಈಗ ಹೇಗೆ ಪಾಸಾದಳು ಎಂದರು. ಥೂ, ಅವರ ನಾಲಿಗೆಗೆ ಏನು ಹೇಳುವುದು! ಅವಳು ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಳು.

ಕಿರಿಯ ಊಟ ಬಿಟ್ಟ, ನಿದ್ದೆ ಬಿಟ್ಟ. ಹಗಲೆಲ್ಲ ಆ ಮಧ್ಯಾಹ್ನವನ್ನೇ ತಲೆಯಲ್ಲಿ ತಿರುವಿ ಹಾಕುತ್ತಿದ್ದ. ಈ ಫೋಲ್ಡರಿನಿಂದ ಹೊರಗೆ ಬಂದೆನೇ, ಬರದೆಯೇ ಕಮಾಂಡ್ ಕೊಟ್ಟೆನೇ? ಒಮ್ಮೆ ತಾನಲ್ಲ ಅನಿಸುತ್ತಿತ್ತು, ಒಮ್ಮೆ ತಾನೇ ಅನಿಸುತ್ತಿತ್ತು. ಕೊನೆಗೆ ಒಂದು ದಿನ ತಡೆಯಲಾರದೆ ಹಿರಿಯನ ಮನೆಗೆ ಹೋಗಿ ಬಾಗಿಲಲ್ಲೇ ನಿಂತು ಕೇಳಿದ.

"ಅಣ್ಣಾ, ನನ್ನ ಮೇಲೆ ಆಣೆ ಇಟ್ಟು ಹೇಳು. ನಿಜವಾಗಿಯೂ ನೀನು ಮಾಡಿದ್ದಾ, ಇಲ್ಲಾ ನಾನು ಮಾಡಿದೆ ಅಂತ ತಿಳಿದು ನನ್ನನ್ನು ಉಳಿಸಲು ಹೋದೆಯಾ?"

"ನನಗೂ ಗೊತ್ತಿಲ್ಲ ಕಣೋ," ಎಂದ ಹಿರಿಯ.

ಅದು ನಿಜ. ಆದರೆ ಕಿರಿಯನ ಕಿವಿಗೆ ಅದು ಸುಳ್ಳಾಗಿ ಕೇಳಿಸಿತು. ತಾನೇ ಮಾಡಿದ್ದು ಎಂದು ಎಲ್ಲರ ಮುಂದೆ ಹೇಳಿದವನು ಈಗ ಗೊತ್ತಿಲ್ಲ ಎನ್ನುತ್ತಿದ್ದಾನೆ. ಹಾಗಾದರೆ ಅವತ್ತು ನನ್ನ ಮೇಲೆ ಅನುಮಾನಪಟ್ಟೇ ಎದ್ದು ನಿಂತ ಎಂದುಕೊಂಡ. ಇತ್ತ ಹಿರಿಯನಿಗೆ, ಇವನು ಮಾಡಿ, ಮರೆತು, ನನ್ನ ಬಾಯಿಂದ ಹೊರಡಿಸಲು ಬಂದಿದ್ದಾನೆಯೇ ಎಂದು ಒಂದು ಕ್ಷಣ ಅನಿಸಿತು. ಒಂದೇ ಕ್ಷಣ. ಅದು ಅವನ ಮುಖದಲ್ಲಿ ಕಾಣಿಸಿತು, ಕಿರಿಯ ಅದನ್ನು ಕಂಡ. ಹೊರಟ. ಮಾರನೆಯ ದಿನ ಕೆಲಸಕ್ಕೆ ಬರಲಿಲ್ಲ, ಆಮೇಲೂ ಬರಲಿಲ್ಲ. ಇಬ್ಬರೂ ಇವತ್ತಿಗೂ ಅದೇ ಊರಿನಲ್ಲಿದ್ದಾರೆ. ಎದುರಿಗೆ ಸಿಕ್ಕರೆ ಒಬ್ಬ ರಸ್ತೆಯ ಆ ಬದಿಗೆ ಹೋಗುತ್ತಾನೆ.

ಮೇಷ್ಟ್ರು ಕತೆ ನಿಲ್ಲಿಸಿದರು. ಯತಿರಾಜನ ಕಾಲು ಮತ್ತೆ ಕುಣಿಯುತ್ತಿತ್ತು. ಈ ಸಲ ಮೇಷ್ಟ್ರು ಗದರಿಸಲಿಲ್ಲ.

"ಇದೇನು ಮೇಷ್ಟ್ರೇ, ಕತೆಯನ್ನು ಹೀಗೆ ಅರ್ಧಕ್ಕೆ ಬಿಟ್ಟರೆ ಹೇಗೆ?" ಎಂದ ಅವನು. "ಅಳಿಸಿದ್ದು ಹಿರಿಯನೋ ಕಿರಿಯನೋ, ಅದನ್ನಾದರೂ ಹೇಳಿ."

"ಅದು ತಿಳಿದಿದ್ದರೆ, ಅವತ್ತು ಸಂಜೆಯೇ ಒಬ್ಬನು ಇನ್ನೊಬ್ಬನನ್ನು ಕ್ಷಮಿಸಿಬಿಡುತ್ತಿದ್ದನಲ್ಲೋ," ಎಂದರು ಮೇಷ್ಟ್ರು.

ಯತಿರಾಜ ಕೆಳಗಿಟ್ಟಿದ್ದ ಫೋನು ಎತ್ತಿ ಲೋಹಿತನಿಗೆ, "ಸಂಜೆಯೊಳಗೆ ಬರುತ್ತೇನೆ, ನಿನಗೆ ಒಂದು ಕತೆ ಹೇಳುವುದಿದೆ," ಎಂದ.