ಹನಿಗಿಂತ ನಿಧಾನದ ನಾಡಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದನ್ನು ಚೆನ್ನಾಗಿ ಹೇಳುವವರು ಇದ್ದರು, ಈಗ ಇಲ್ಲ. ನನಗೆ ಹೇಳಿ ಅಭ್ಯಾಸವಿಲ್ಲ. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸದೆ ವಿವರಿಸುತ್ತಾ ಹೋಗುತ್ತೇನೆ. ಸಹಿಸಿಕೊಂಡು ಕೇಳಿ.

ನಮ್ಮ ಅಜ್ಜಂದಿರ ಅಜ್ಜಂದಿರೂ ತೊಟ್ಟಿಲಿಗೆ ಬರುವ ಮುಂಚೆ, ಕಲ್ಲುಗುಡ್ಡದ ಈಚೆ ಒಂದು ಊರಿತ್ತಂತೆ. ಊರ ಪಕ್ಕದಲ್ಲಿ ದೊಡ್ಡ ಕೆರೆ. ಗುಡ್ಡದ ಆಚೆ, ತಗ್ಗಿನಲ್ಲಿ, ಕುರಿ ಕಾಯುವವರ ಹಟ್ಟಿ. ಕೆರೆಯ ಏರಿ ಒಡೆದರೆ ನೀರು ಗುಡ್ಡವನ್ನು ಸುತ್ತಿಕೊಂಡು ಹೋಗಿ ಹಟ್ಟಿಯ ಮೇಲೆ ಬೀಳುತ್ತಿತ್ತು. ತಮಟೆ ಬಡಿದರೆ ಗುಡ್ಡ ಅಡ್ಡ, ಆಚೆ ಕೇಳಿಸದು. ಕುದುರೆ ಆ ಬಂಡೆಗಳನ್ನು ಹತ್ತದು. ಅದಕ್ಕೇ ಊರಿನವರು ಒಬ್ಬ ಓಟಗಾರನನ್ನು ಇಟ್ಟಿದ್ದರಂತೆ. ನೀರಿಗೆ ಸುತ್ತುದಾರಿ, ಅವನಿಗೆ ನೇರದಾರಿ. ಅಷ್ಟೇ ಅವನಿಗಿದ್ದ ಅನುಕೂಲ.

ಆ ಓಟಗಾರನನ್ನು ಆರಿಸುತ್ತಿದ್ದವಳು ನಾಡಿ ಪಾಲಕ್ಕ. ಸೌದೆಗೆಂದು ದಿನವೂ ಗುಡ್ಡ ಹತ್ತಿ ಇಳಿಯುತ್ತಿದ್ದ ವಿಧವೆ. ಮಳೆಗಾಲಕ್ಕೆ ಮುಂಚೆ ಊರ ಗಂಡಸರೆಲ್ಲ ಅವಳ ಜಗಲಿಯಲ್ಲಿ ಮಲಗುತ್ತಿದ್ದರಂತೆ. ಬೆಳಗ್ಗೆ ಎಚ್ಚರಾದ ಕೂಡಲೇ, ಏಳುವ ಮುಂಚೆ, ಮಾತಾಡುವ ಮುಂಚೆ, ಅವಳು ಅವರ ಮಣಿಕಟ್ಟು ಹಿಡಿಯುತ್ತಿದ್ದಳು. ಎರಡು ಬೆರಳಿನಿಂದ ಹಿಡಿಯಬೇಕು, ಹೆಬ್ಬೆರಳಿನಿಂದ ಅಲ್ಲ. ಯಾಕೆಂದರೆ ಹೆಬ್ಬೆರಳಿಗೂ ತನ್ನದೇ ಮಿಡಿತ ಇರುತ್ತದೆ, ಎರಡೂ ಕಲಸಿಹೋಗುತ್ತವೆ. ಎದುರಿಗೆ ತೂತಿನ ಗಡಿಗೆ ತೂಗುಹಾಕಿರುತ್ತಿತ್ತು, ತೂತಿಗೆ ತುರುಕಿದ ಬತ್ತಿಯ ತುದಿಯಿಂದ ನೀರು ಹನಿಯುತ್ತಿತ್ತು. ಸಾಮಾನ್ಯವಾಗಿ ಎಲ್ಲರ ನಾಡಿಯೂ ಹನಿಗಿಂತ ಮುಂದೆ ಓಡುತ್ತದೆ. ಯಾರ ನಾಡಿ ಹನಿಗಿಂತ ಹಿಂದೆ ಬೀಳುತ್ತದೋ ಅವನೇ ಓಟಗಾರ.

ಇದು ತಲೆಕೆಳಗಾಗಿ ಕಾಣುತ್ತದೆ, ಗೊತ್ತು. ಓಡುವವನ ನಾಡಿ ಜೋರಾಗಿರಬೇಡವೇ? ಅಲ್ಲವಂತೆ. ಬಾವಿಯಿಂದ ಸಣ್ಣ ಚೊಂಬಿನಲ್ಲಿ ಸೇದುವವರು ಎಷ್ಟು ಸಲ ಸೇದಬೇಕು, ದೊಡ್ಡ ಕೊಡದಲ್ಲಿ ಸೇದುವವರು ಎಷ್ಟು ಸಲ? ಎದೆಯೂ ಹಾಗೇ. ದಿನಾ ಗುಡ್ಡ ಹತ್ತಿದವನ ಎದೆ ದೊಡ್ಡ ಕೊಡ. ಸುಮ್ಮನಿದ್ದಾಗ ನಿಧಾನಕ್ಕೆ ಸೇದಿದರೂ ಸಾಕು, ಓಡುವಾಗ ಇನ್ನೂ ಸೇದುವುದಕ್ಕೆ ಜಾಗ ಉಳಿದಿರುತ್ತದೆ.

ಪಾಲಕ್ಕನದು ಇನ್ನೊಂದು ನಿಯಮ ಇತ್ತು. ನಾಡಿ ನಿಧಾನವಿದ್ದವನನ್ನು ಗುಡ್ಡ ಹತ್ತಿಸಿ ಇಳಿಸಿ ಮತ್ತೆ ಹಿಡಿಯುತ್ತಿದ್ದಳು. ಹತ್ತಿದಾಗ ಅದು ಏರಬೇಕು, ಕೂತಾಗ ಬೇಗ ಇಳಿಯಬೇಕು. ಇದನ್ನು ನೆನಪಿಟ್ಟುಕೊಳ್ಳಿ. ಕಥೆ ಇರುವುದೇ ಇಲ್ಲಿ.

ಅವಳಿಗೊಬ್ಬನೇ ಮಗ, ಸೂರ. ಓಟಗಾರನಾಗಬೇಕೆಂಬ ಹುಚ್ಚು ಅವನಿಗೆ. ಪ್ರತಿ ವರ್ಷ ಮಲಗುತ್ತಿದ್ದ, ಪ್ರತಿ ವರ್ಷ ತಾಯಿ ಆಗದೆಂದು ತಲೆಯಾಡಿಸುತ್ತಿದ್ದಳು. ಊರಿನವರು ಬಿಡುತ್ತಾರೆಯೇ? "ಏನಲೇ ಗುಬ್ಬಿಯೆದೆ, ನಿಮ್ಮವ್ವನ ಕೈಗೂ ಸಿಗದಂಗೆ ಹಾರ್ತೈತಂತಲ್ಲ ನಿನ್ ನಾಡಿ!" ಅನ್ನುತ್ತಿದ್ದರಂತೆ. ಅವನು ನಗುತ್ತಿದ್ದ. ತಾಯಿ ಒಳಗೆ ಹೋಗಿ ಒಲೆ ಊದುತ್ತಿದ್ದಳು. ಒಲೆ ಉರಿಯುತ್ತಿದ್ದರೂ ಊದುತ್ತಿದ್ದಳಂತೆ.

ಒಂದು ವರ್ಷ ಬೇಸಿಗೆಯಲ್ಲಿ ಸೂರನಿಗೆ ಕೆಟ್ಟ ಜ್ವರ ಬಂತು. ಗಂಟಲು ಕಟ್ಟಿತು, ಸತ್ತೇ ಹೋದ ಅಂದರು. ಸಾಯಲಿಲ್ಲ. ಜ್ವರ ಬಿಟ್ಟ ಬೆಳಗ್ಗೆ ಪಾಲಕ್ಕ ಅವನ ಕೈ ಹಿಡಿದಳು. ಒಂದು ಹನಿ ಬಿತ್ತು. ನಾಡಿ ಇನ್ನೂ ಬರಲಿಲ್ಲ. ಇನ್ನೊಂದು ಹನಿ ಬಿದ್ದ ಮೇಲೆ ಬಂತು. ಅಷ್ಟು ನಿಧಾನದ ನಾಡಿಯನ್ನು ಅವಳು ಯಾರಲ್ಲೂ ಕಂಡಿರಲಿಲ್ಲ.

ಊರೇ ಜಗಲಿಗೆ ಬಂತಂತೆ. ಊರದೇವತೆ ಅಮ್ಮನೇ ಕೊಟ್ಟ ವರ ಅಂದರು. ಹಳೇ ಓಟಗಾರ ಕರಿಬೋರ ಒಬ್ಬನೇ ಹಿಂದೆ ನಿಂತಿದ್ದ. "ಅಕ್ಕಾ, ಒಂದ್ಸಲ ಗುಡ್ಡ ಹತ್ತಿಸಿ ನೋಡವ್ವ," ಅಂದ. ಊರ ಯಜಮಾನ ಕಾಟಯ್ಯ ತಿರುಗಿಬಿದ್ದ. "ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡ್ವೇನಲೇ? ಜ್ವರ ಬಿಟ್ಟು ಎದ್ದಿರೋನ್ನ ಗುಡ್ಡ ಹತ್ತಿಸ್ತಾರಾ?" ಎಲ್ಲರೂ ನಕ್ಕರು. ಗುಡ್ಡ ಹತ್ತಿಸಬಾರದವನನ್ನೇ ಗುಡ್ಡದ ಓಟಕ್ಕೆ ಇಡುತ್ತಿದ್ದೇವೆ ಅಂತ ಒಬ್ಬರಿಗೂ ಹೊಳೆಯಲಿಲ್ಲ.

ಪಾಲಕ್ಕನಿಗೆ ಹೊಳೆಯಿತು ಅನ್ನುತ್ತಾರೆ. ಎದೆ ದೊಡ್ಡದಾಗುವುದು ವರ್ಷಗಟ್ಟಲೆ ಹತ್ತಿದ ಮೇಲೆ, ಹಾಸಿಗೆಯಲ್ಲಿ ಮಲಗಿ ಅಲ್ಲ. ಅವಳಿಗೆ ಗೊತ್ತಿರಲಿಲ್ಲವೇ? ಆದರೆ ಸೂರ ಮಲಗಿದಲ್ಲಿಂದಲೇ ಕೇಳಿದನಂತೆ, "ಅವ್ವಾ, ಈಗ್ಲಾದ್ರೂ ಆದ್ನಾ?"

"ಆದೆ ಕಣಪ್ಪ," ಅಂದಳು.

ಕರಿಬೋರ ಓಟಗಾರನ ಗೆಜ್ಜೆಯನ್ನು ಸೊಂಟದಿಂದ ಬಿಚ್ಚಿ ಜಗಲಿಯ ಮೇಲಿಟ್ಟು, ನೆಂಟರ ಊರಿಗೆ ಹೊರಟುಹೋದ. ಗುಡ್ಡ ಹತ್ತಿಸುವುದು ನಾಳೆ ಆಗಲಿ ಅಂದುಕೊಂಡಳು ಪಾಲಕ್ಕ. ಮಾರನೆಯ ದಿನವೂ ನಾಳೆ ಅಂದಳು. ಅಷ್ಟರಲ್ಲಿ ಮಳೆ ಹಿಡಿಯಿತು.

ಹಗಲು ಹೊತ್ತಿನಲ್ಲೇ ಏರಿ ಬಿರುಕು ಬಿಟ್ಟಿತಂತೆ. ಸೂರ ಗೆಜ್ಜೆ ಕಟ್ಟಿ ಓಡಿದ. ಊರೆಲ್ಲ ಕೂಗಿ ಹುರಿದುಂಬಿಸಿತು. ಪಾಲಕ್ಕ ಕೂಗಲಿಲ್ಲ. ಗೆಜ್ಜೆಯ ಸದ್ದನ್ನೇ ಕೇಳುತ್ತಾ ನಿಂತಿದ್ದಳು. ಸದ್ದು ತಪ್ಪುತ್ತಿತ್ತು, ಮತ್ತೆ ಬರುತ್ತಿತ್ತು, ಮತ್ತೆ ತಪ್ಪುತ್ತಿತ್ತು. ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ಹೊರಟಳು.

ಗುಡ್ಡದ ನೆತ್ತಿಯಲ್ಲಿ ಅವನು ಬಿದ್ದಿದ್ದ. ತುಟಿ ನೀಲಿಯಾಗಿತ್ತು. ಓಡುವವನ ನಾಡಿ ಏರಬೇಕು ಅಂದೆನಲ್ಲ, ಅವನದು ಏರಿರಲೇ ಇಲ್ಲ. ಜ್ವರ ಅವನ ಎದೆಯನ್ನು ದೊಡ್ಡದು ಮಾಡಿರಲಿಲ್ಲ, ಒಳಗಿಂದ ತಿಂದುಹಾಕಿತ್ತು. ಪಾಲಕ್ಕ ಮಳೆಯಲ್ಲಿ ಕೂತು ಅವನ ಮಣಿಕಟ್ಟು ಹಿಡಿದಳು. ಒಂದು ಮಿಡಿತ ಬಂತು. ಇನ್ನೊಂದಕ್ಕೆ ಕಾದಳು. ಬಂತು. ಮತ್ತೊಂದಕ್ಕೆ ಕಾದಳು. ಎಷ್ಟು ಹೊತ್ತು ಕಾದಳೋ ಯಾರಿಗೂ ಗೊತ್ತಿಲ್ಲ. ಆಮೇಲೆ ಗೆಜ್ಜೆ ಬಿಚ್ಚಿ ತನ್ನ ಸೊಂಟಕ್ಕೆ ಕಟ್ಟಿಕೊಂಡು ಓಡಿದಳಂತೆ. ಆ ಜಾರುಬಂಡೆಗಳನ್ನು ಹಾಗೆ ಯಾವ ಓಟಗಾರನೂ ಇಳಿದಿರಲಿಲ್ಲ ಅನ್ನುತ್ತಾರೆ.

ಅವಳು ಇಳಿದಾಗ ಹಟ್ಟಿ ಇರಲಿಲ್ಲ. ಕೆಂಪು ನೀರಿನ ಮೇಲೆ ಕುರಿದೊಡ್ಡಿಯ ತಡಿಕೆಗಳು ತೇಲುತ್ತಿದ್ದವು. ಒಂದು ತಡಿಕೆಯ ಮೇಲೆ ನಾಯಿಯೊಂದು ನಿಂತು ಅವಳನ್ನೇ ನೋಡುತ್ತಿತ್ತಂತೆ. ಎದುರು ದಿಬ್ಬಕ್ಕೆ ಕುರಿ ಮೇಯಿಸಲು ಹೋಗಿ ಉಳಿದುಕೊಂಡ ಒಬ್ಬಳು ಮುದುಕಿ ಪಾಲಕ್ಕನನ್ನು ಕಂಡಳು. ಮನೆಮಂದಿಯನ್ನೆಲ್ಲ ಕಳೆದುಕೊಂಡ ಆ ಮುದುಕಿ ಆಮೇಲೆ ಎಲ್ಲರ ಮುಂದೆ ಹೇಳಿದ್ದು ಒಂದೇ ಮಾತು. "ಗುಡ್ಡ ಹಾರಿ ಬಂದೋಳಿಗೆ ಏದುಸಿರೂ ಇರ್ಲಿಲ್ಲ ಕಣ್ರಪ್ಪ."

ಅದನ್ನು ಕೇಳಿದ ಮೇಲೇ ಊರಿಗೆ ಹೊಳೆಯಿತಂತೆ. ಅಷ್ಟು ವರ್ಷ ಅಷ್ಟು ಜನರ ಕೈ ಹಿಡಿದವಳ ಕೈಯನ್ನು ಒಬ್ಬರೂ ಹಿಡಿದು ನೋಡಿರಲಿಲ್ಲ. ಅವಳೂ ಹಿಡಿದುಕೊಂಡಿರಲಿಲ್ಲ. ಓಟಗಾರ ಅಂದರೆ ಗಂಡಸು ಅಂದುಕೊಂಡಿದ್ದರು, ಅಷ್ಟೇ. ಏರಿ ಬಿರುಕು ಬಿಟ್ಟಾಗ ಅವಳನ್ನೇ ಕಳಿಸಿದ್ದರೆ? ನೆತ್ತಿಯಲ್ಲಿ ಅವಳು ಕೂರದಿದ್ದರೆ? ಕೂರದೆ ಯಾವ ತಾಯಿ ಹೋಗುತ್ತಾಳೆ?

ಪಾಲಕ್ಕ ಆಮೇಲೆ ಯಾರ ಕೈಯನ್ನೂ ಹಿಡಿಯಲಿಲ್ಲವಂತೆ. ತೂತಿನ ಗಡಿಗೆಯ ಎದುರು ಕೂತು, ತನ್ನ ಮಣಿಕಟ್ಟನ್ನು ತಾನೇ ಹಿಡಿದುಕೊಂಡಿರುತ್ತಿದ್ದಳು. ಸಾಯಬೇಕು ಅನ್ನುತ್ತಿದ್ದಳು. ಆದರೆ ಅಂಥ ಎದೆ ಸುಲಭಕ್ಕೆ ನಿಲ್ಲುವುದಿಲ್ಲ ನೋಡಿ. ಹನಿಯ ಹಿಂದೆ, ನಿಧಾನಕ್ಕೆ, ಗಟ್ಟಿಯಾಗಿ ಅದು ಬಡಿಯುತ್ತಲೇ ಇತ್ತು. ಅವಳ ಮಗನನ್ನು ಛೇಡಿಸಿದವರೆಲ್ಲ ಸತ್ತ ಮೇಲೂ ಬಡಿಯುತ್ತಿತ್ತಂತೆ.

ಈಗಲೂ ನಮ್ಮಲ್ಲಿ ಮಳೆಗೆ ಮುಂಚೆ ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದು ನೋಡುತ್ತಾರೆ. ಮೊದಲು ಹೆಂಗಸರು, ಆಮೇಲೆ ಗಂಡಸರು. ಮಕ್ಕಳಿಗೆ ಜ್ವರ ಬಿಟ್ಟರೆ ತೂತಿನ ಗಡಿಗೆ ತೂಗುಹಾಕಿ, ಹೆತ್ತವರಲ್ಲದವರು ಬಂದು ನಾಡಿ ಹಿಡಿಯಬೇಕು. ಒಂದು ಸಲ ಹಿಡಿದು ಚೆನ್ನಾಗಿದೆ ಅನ್ನುವಂತಿಲ್ಲ, ಎರಡು ಸಲ ಹಿಡಿಯಬೇಕು. ಎರಡು ಸಲ ಯಾಕೆಂದರೆ, ಮೊದಲ ಸಲ ಬೆರಳು ನಮ್ಮ ಆಸೆಯನ್ನೇ ಕೇಳಿಸಿಕೊಳ್ಳುತ್ತದೆ. ಎರಡನೇ ಸಲ ಹಿಡಿದಾಗ ಮಾತ್ರ ಅದು...

ಯಾರದು? ಪಕ್ಕದ ಮನೆ ಹುಡುಗನಿಗಾ? ಜ್ವರ ಬಿಡ್ತಾ? ಬಂದೆ ತಾಯಿ, ಗಡಿಗೆಗೆ ನೀರು ತುಂಬಿಸು. ಅವನನ್ನ ಏಳಿಸಬೇಡ. ನಾನು ಬರೋವರೆಗೂ ಏಳಿಸಬೇಡ.